ಭರಮವ್ವ ಕೆತ್ತಿದ ಕುದುರೆಗಳು

ಭರಮವ್ವ ಹುಟ್ಟಿದ್ದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ, ಬೆಳೆದದ್ದು ಗೋಕಾಕದಲ್ಲಿ, ಬಾಳುವೆ ಮಾಡಿದ್ದು ಮೂಡಲಗಿ ಹತ್ತಿರದ ಕಲ್ಲೋಳಿಯಲ್ಲಿ. ಈ ಮೂರು ಊರುಗಳ ಆಚೆ ಆಕೆ ಹೆಚ್ಚು ಹೋದವಳಲ್ಲ. ಆದರೆ ಆಕೆಯ ಕೈಯಿಂದ ಎದ್ದ ಕುದುರೆಗಳು ಗೋವಾದ ಸಮುದ್ರದ ದಂಡೆಯ ತನಕ ಹೋಗಿ, ಅಲ್ಲಿ ಯಾರದೋ ಹೆಸರು ಹೊತ್ತು ನಿಂತಿದ್ದವು. ಹಾಗೆ ಕಳಿಸಿದವನು ಹೊರಗಿನವನಲ್ಲ, ಆಕೆಯ ಬೆನ್ನಿಗೆ ಬಿದ್ದ ತಮ್ಮ ಸೋಮಲಿಂಗ.

ಅವರ ಅಪ್ಪ ಲಗಮಪ್ಪ ಘೋಡಗೇರಿಯ ಹೊಲವನ್ನು ಅಣ್ಣನಿಗೆ ಬಿಟ್ಟು ಗೋಕಾಕಕ್ಕೆ ಬಂದವನು. ಅಲ್ಲಿ ಒಬ್ಬ ವ್ಯಾಪಾರಸ್ಥರು ಮಕ್ಕಳ ತೋಟ ನಡೆಸುತ್ತಿದ್ದರು. ಜಾರುಬಂಡಿ, ಜೋಕಾಲಿ, ಒಂದು ಪಂಜರದಲ್ಲಿ ನವಿಲು. ಇವೆಲ್ಲದರ ನಡುವೆ ಸಾಂಗಲಿ ಕಡೆ ಮುರಿದುಬಿದ್ದ ಸರ್ಕಸ್ ಕಂಪನಿಯಿಂದ ಕೊಂಡು ತಂದ ಒಂದು ದೊಡ್ಡ ಕುದುರೆ ಚಕ್ರ. ಪರದೇಶದಲ್ಲಿ ಎರಕ ಹೊಯ್ದ ಕಬ್ಬಿಣ, ಕಟ್ಟಿಗೆಯ ಕುದುರೆಗಳು, ಮೇಲೆ ಛತ್ರಿಯಂತೆ ಬಿಚ್ಚಿಕೊಂಡ ಬಣ್ಣದ ಮಾಡು. ಕಬ್ಬಿಣದ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರಗಳಿದ್ದವು, ಅರ್ಧ ತುಕ್ಕು ತಿಂದು ಯಾರಿಗೂ ಓದಲು ಬರುತ್ತಿರಲಿಲ್ಲ. ಅದಕ್ಕೆ ಎಣ್ಣೆ ಬಿಡುವುದು, ತಿರುಗಿಸುವುದು, ನಿಲ್ಲಿಸುವುದು ಲಗಮಪ್ಪನ ಕೆಲಸ.

ತೋಟಕ್ಕೆ ಮಂದಿ ಬರುವ ಮೊದಲು ಅವನು ಮಗಳನ್ನೂ ಮಗನನ್ನೂ ಚಕ್ರದ ಹಲಗೆಯ ನೆಲದ ಕೆಳಗೆ ಅಂಗಾತ ಮಲಗಿಸುತ್ತಿದ್ದ.

"ಕೆಳಗ ಏನರ ಆಸರಾ ಐತೇನು ನೋಡ್ರಿ."

ಇರಲಿಲ್ಲ. ನೋಡುವವರಿಗೆ ಹಲಗೆಯ ನೆಲ ಯಾವುದೋ ಗಾಲಿಯ ಮೇಲೆ ಕೂತು ಸುತ್ತುತ್ತಿದೆ ಅನ್ನಿಸುತ್ತಿತ್ತು. ಆದರೆ ನೆಲ, ಕುದುರೆ, ಕುದುರೆ ಮೇಲೆ ಕೂತವರು, ಎಲ್ಲ ಭಾರವೂ ಮೇಲಿನಿಂದ ಜೋತುಬಿದ್ದಿತ್ತು. ನಡುವೆ ಒಂದೇ ಕಂಬ. ಅದರ ತಲೆಯಿಂದ ಛತ್ರಿಯ ಕಡ್ಡಿಗಳಂತೆ ತೊಲೆಗಳು. ತೊಲೆಗಳಿಂದ ಇಳಿಬಿದ್ದ ಕಬ್ಬಿಣದ ಸರಳುಗಳು ನೆಲವನ್ನು ಎತ್ತಿ ಹಿಡಿದಿದ್ದವು. ಪ್ರತಿ ತೊಲೆಯ ಪಕ್ಕದಲ್ಲೂ ಒಂದು ಉದ್ದ ಸಲಾಕೆ. ಆ ಸಲಾಕೆ ಎರಡು ಕಡೆ ಮೊಣಕೈಯಂತೆ ಬಾಗಿತ್ತು, ಆ ಮೊಣಕೈಗಳಿಗೆ ಕುದುರೆಗಳ ಹಿತ್ತಾಳೆ ಕೋಲು ನೇತುಹಾಕಿದ್ದರು. ಸಲಾಕೆಯ ಒಳತುದಿಯಲ್ಲಿ ಸಣ್ಣದೊಂದು ಹಲ್ಲುಗಾಲಿ. ನಡುಗಂಬದ ತಲೆಗೆ ಬಿಗಿದ ದೊಡ್ಡ ಹಲ್ಲುಗಾಲಿ ಮಾತ್ರ ತಾನು ತಿರುಗುತ್ತಿರಲಿಲ್ಲ. ಚಕ್ರ ಸುತ್ತಿದಂತೆ ಸಣ್ಣ ಗಾಲಿ ಅದರ ಹಲ್ಲು ಹಿಡಿದು ಉರುಳುತ್ತಿತ್ತು, ಸಲಾಕೆ ಹೊರಳುತ್ತಿತ್ತು, ಮೊಣಕೈ ಮೇಲೆ ಬಂದಾಗ ಕುದುರೆ ಏರುತ್ತಿತ್ತು, ಕೆಳಗೆ ಹೋದಾಗ ಇಳಿಯುತ್ತಿತ್ತು. ಎರಡು ಮೊಣಕೈಗಳು ಒಂದಕ್ಕೊಂದು ಎದುರಾಗಿ ಬಾಗಿದ್ದರಿಂದ ಜೋಡಿ ಕುದುರೆಗಳು ಒಮ್ಮೆಲೇ ನೆಗೆಯುತ್ತಿರಲಿಲ್ಲ.

ಸೋಮಲಿಂಗನ ಕಣ್ಣು ಯಾವಾಗಲೂ ಆ ಹಲ್ಲುಗಳ ಮೇಲೆ. ಭರಮವ್ವನ ಕಣ್ಣು ಕುದುರೆಗಳ ಮೇಲೆ. ಒಂದು ಸಂಗತಿ ಆಕೆ ಸಣ್ಣಾಕೆಯಿದ್ದಾಗಲೇ ಕಂಡುಕೊಂಡಿದ್ದಳು. ಕುದುರೆಯ ಹೊರಮೈಗೆ ಹೂವು, ಲಗಾಮಿನ ಗೊಂಡೆ, ಹಾರುವ ಜೂಲು ಇದ್ದವು. ನಡುಗಂಬದ ಕಡೆಯ ಮೈ ಮಾತ್ರ ಬೋಳು. ಹೊರಗೆ ನಿಂತವರಿಗೆ ಕಾಣುವಷ್ಟೇ ಸಿಂಗಾರ.

ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ, ಕಟ್ಟಿಗೆಯ ಹಣ್ಣು ಮಾಡುವವರ ಓಣಿ ಇದೆ. ಭರಮವ್ವ ಅಲ್ಲಿ ಬಣ್ಣ ಬಳಿಯುವ ಕೂಲಿಗೆ ಸೇರಿ, ನೋಡುತ್ತ ನೋಡುತ್ತ ಉಳಿ ಹಿಡಿಯುವುದನ್ನು ಕಲಿತಳು. ಹೆಣ್ಣುಮಕ್ಕಳು ಬಣ್ಣಕ್ಕೆ, ಗಂಡಸರು ಕೆತ್ತನೆಗೆ ಎನ್ನುವ ಓಣಿಯಲ್ಲಿ ಆಕೆಯನ್ನು ನೋಡಿ ಮೊದಮೊದಲು ನಕ್ಕರು. ಆಮೇಲೆ ದೊಡ್ಡ ಗೊಂಬೆಯ ಮುಖ ಬಂದರೆ ಆಕೆಯ ಮುಂದೆ ಸರಿಸತೊಡಗಿದರು. ಕಲ್ಲೋಳಿಯ ಮಾಯಪ್ಪನನ್ನು ಮದುವೆಯಾಗಿ ಹೋದಾಗ ಸೀರೆಗಳ ನಡುವೆ ಉಳಿಗಳನ್ನು ಸುತ್ತಿಕೊಂಡು ಹೋದಳು. ಮಾಯಪ್ಪ ಹೊಲದ ಮನುಷ್ಯ, ಮಾತು ಕಡಿಮೆ. ಪಡಸಾಲೆಯಲ್ಲಿ ಕಟ್ಟಿಗೆ ಹೊಟ್ಟು ಬಿದ್ದರೆ ತಾನೇ ಗುಡಿಸಿ ಒಲೆಯ ಬಾಜೂಕೆ ಇಡುತ್ತಿದ್ದ.

ಅಷ್ಟರಲ್ಲಿ ಮಕ್ಕಳ ತೋಟ ಮುಚ್ಚಿತು. ಮಾಲೀಕರು ಲಗಮಪ್ಪನಿಗೆ, "ಈ ಚಕ್ರ ನೀನ ಒಯ್ಯಪಾ, ಇದನ್ನ ನಿನ್ನಷ್ಟು ಯಾರೂ ಸಾಕಿಲ್ಲ" ಎಂದು ಕೊಟ್ಟುಬಿಟ್ಟರು. ಅವನು ಅದನ್ನು ಬಿಚ್ಚಿ ಗೋಕಾಕದ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಟ್ಟಿದ. ಮತ್ತೆ ನಿಲ್ಲಿಸಬೇಕೆಂಬ ಆಸೆ ಆಸೆಯಾಗಿಯೇ ಉಳಿಯಿತು, ಅವನು ತೀರಿಹೋದ.

ಸೋಮಲಿಂಗ ಗೋಕಾಕದಲ್ಲೇ ಲೇಥ್ ಮತ್ತು ವೆಲ್ಡಿಂಗ್ ಅಂಗಡಿ ಹಾಕಿದ್ದ. ಒಂದು ವರ್ಷ ನಾಗರ ಪಂಚಮಿಗೆ ಅಕ್ಕನನ್ನು ಕರೆಯಲು ಬಂದವನು ದಾರಿಯುದ್ದಕ್ಕೂ ಚಕ್ರದ ಮಾತೇ ಆಡಿದ. ಉಂಡಿ ತಿಂದು ಕೈ ತೊಳೆದವರು ಇಬ್ಬರೂ ಶೆಡ್ಡಿನ ಬಾಗಿಲು ತೆಗೆದರು. ಕಬ್ಬಿಣಕ್ಕೆ ತುಕ್ಕು ಹಿಡಿದಿತ್ತು ಅಷ್ಟೇ. ಕುದುರೆಗಳನ್ನು ಗೆದ್ದಲು ತಿಂದಿತ್ತು. ಕೆಲವು ಗಟ್ಟಿ ಉಳಿದಿದ್ದವು. ಬಹಳಷ್ಟು ಕುದುರೆಗಳ ಬಣ್ಣದ ಸಿಪ್ಪೆ ಮಾತ್ರ ಕುದುರೆಯ ಆಕಾರದಲ್ಲಿ ನಿಂತಿತ್ತು, ಬೆರಳಿಟ್ಟರೆ ಒಳಗೆ ಇಳಿಯುತ್ತಿತ್ತು.

"ಅಕ್ಕಾ, ಹಲ್ಲುಗಾಲಿ ನಾ ನೋಡ್ಕೋತೀನಿ. ಕುದುರಿ ನಿನ್ನಿಂದ ಆಗ್ತಾವೇನು?" ಎಂದ ಸೋಮಲಿಂಗ.

"ಆಗೂಮಟ ಮಾಡೂದು" ಎಂದಳು ಭರಮವ್ವ.

ವರ್ಷಗಟ್ಟಲೆ ಹಿಡಿಯಿತು. ಗೊಂಬೆಯಂತೆ ಒಂದೇ ದಿಮ್ಮಿಯಲ್ಲಿ ಕೆತ್ತಿದರೆ ಅಷ್ಟು ದೊಡ್ಡ ಮೈ ಒಣಗುವಾಗ ಸೀಳುತ್ತದೆ, ಭಾರವೂ ಆಗುತ್ತದೆ. ಆಕೆ ಹಳೆಯ ಕುದುರೆಯೊಂದನ್ನು ಬಿಚ್ಚಿ ನೋಡಿ ಕಲಿತಳು. ಹೊಟ್ಟೆ ಪೆಟ್ಟಿಗೆಯಂತೆ ಟೊಳ್ಳು, ಹಲಗೆ ಹಲಗೆ ಕೂಡಿಸಿ ಆಮೇಲೆ ದುಂಡಗೆ ಕೆತ್ತಿದ್ದು. ಕಾಲುಗಳು ಬೇರೆ, ಎಳೆ ಉದ್ದಕ್ಕೆ ಬರುವಂತೆ ಕಟ್ಟಿಗೆ ಆರಿಸದಿದ್ದರೆ ಮೊಣಕಾಲಲ್ಲಿ ಮುರಿಯುತ್ತವೆ. ಸಂದುಗಳಿಗೆ ಮಾತ್ರ ಆಕೆ ತನ್ನ ಓಣಿಯ ಪದ್ಧತಿಯನ್ನೇ ಹಿಡಿದಳು. ಹುಣಸೆ ಬೀಜ ನೆನೆಸಿ ರುಬ್ಬಿ ಕುದಿಸಿದ ಅಂಟು, ಅದರಲ್ಲಿ ಕಲಸಿದ ಕಟ್ಟಿಗೆ ಪುಡಿ. ಒಣಗಿದರೆ ಉಳಿಗೂ ಬಗ್ಗದ ಗಟ್ಟಿ.

ಮುಖ ಮಾತ್ರ ಹಳೆಯ ಕುದುರೆಗಳಂತೆ ಬರಲಿಲ್ಲ. ಆ ಕುದುರೆಗಳು ಮೂಗು ಅರಳಿಸಿ, ಕಣ್ಣು ಕೆರಳಿಸಿ, ಯುದ್ಧಕ್ಕೆ ಹೊರಟಂತಿದ್ದವು. ಭರಮವ್ವ ಅಂಥ ಕುದುರೆಯನ್ನು ಕಂಡವಳಲ್ಲ. ಸುಗ್ಗಿ ಮುಗಿದ ಮೇಲೆ ಅವರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು ಕಣಗಲಾ ಕಡೆಯ ಕುರುಬ ಕರೆಪ್ಪ ಬರುತ್ತಿದ್ದ. ಅವನ ಹತ್ತಿರ ಒಂದು ಹೆಣ್ಣುಕುದುರೆ ಇತ್ತು, ಗಿಡ್ಡ, ದಪ್ಪ ಕಾಲಿನದು. ಬೆನ್ನ ಮೇಲೆ ಕಂಬಳಿ, ಬೋಗುಣಿ, ಆಗತಾನೇ ಈದ ಮರಿಗಳನ್ನು ಹೊತ್ತು ಊರೂರು ತಿರುಗುವಂಥದ್ದು. ಮರಿ ಒದರಿದರೆ ಅದು ಒಂದು ಕಿವಿಯನ್ನಷ್ಟೇ ಹಿಂದಕ್ಕೆ ತಿರುಗಿಸುತ್ತಿತ್ತು. ಭರಮವ್ವ ಹೊಲದ ಬದುವಿನಲ್ಲಿ ಕೂತು ಅದನ್ನೇ ನೋಡಿದಳು. ಆಕೆಯ ಕುದುರೆಗಳೆಲ್ಲ ಹಾಗೆಯೇ ಎದ್ದವು, ಒಂದು ಕಿವಿ ಹಿಂದೆ, ಬೆನ್ನ ಮೇಲೆ ಯಾರೋ ಕೂತಿದ್ದಾರೆಂದು ಗೊತ್ತಿರುವ ಮುಖ. ಪ್ರತಿ ಕುದುರೆಯ ಹೊಟ್ಟೆಯ ಕೆಳಗೆ ಒಂದು ಜೋಳದ ತೆನೆ ಕೆತ್ತಿದಳು. ಹೆಸರು ಬರೆಯಲು ನಾಚಿಕೆ, ತೆನೆಗೆ ನಾಚಿಕೆ ಇಲ್ಲ.

ಮೂಡಲಗಿಯ ಒಂದು ಬಯಲಿನಲ್ಲಿ ಚಕ್ರವನ್ನು ಮೊದಲ ಸಲ ನಿಲ್ಲಿಸಿದರು. ಸೋಮಲಿಂಗ ಮೋಟರಿನ ಪಟ್ಟಾವನ್ನು ಮೊದಲು ಸಡಿಲ ಬಿಟ್ಟು, ಹಿಡಿಕೆ ಒತ್ತುತ್ತ ಒತ್ತುತ್ತ ಬಿಗಿ ಮಾಡಿದ. ಚಕ್ರ ಒಮ್ಮೆಲೇ ಕುಲುಕದೆ, ನಿದ್ದೆಯಿಂದೆದ್ದ ದನದಂತೆ ಮೆಲ್ಲಗೆ ಹೊರಟಿತು.

"ಅಕ್ಕಾ, ಮೊದಲ ನೀ ಹತ್ತ."

"ಹುಚ್ಚ, ಮಂದಿ ನಗ್ತಾರೋ."

"ನಗಲಿ. ನೀ ಹತ್ತದ ಯಾರನೂ ಹತ್ತಸೂದಿಲ್ಲ."

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಮೇಲೆ ಎದ್ದಾಗ ತಮ್ಮನ ತಲೆ ಕಾಣುತ್ತಿತ್ತು, ಕೆಳಗೆ ಇಳಿದಾಗ ಅವನ ನಗು. ಅಪ್ಪ ಇರಬೇಕಿತ್ತು ಅನ್ನಿಸಿ ಕಣ್ಣೀರು ಬಂತು. ಗಾಳಿಗೆ ಬಂತೆಂದು ಒರೆಸಿಕೊಂಡಳು.

ಕೆಲವು ವರ್ಷ ಶಾಲೆಯ ಸೂಟಿಯಲ್ಲಿ ಚಕ್ರ ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿತು. ಬರಬರುತ್ತ ಸೋಮಲಿಂಗನಿಗೆ ಬೇಸರ ಹತ್ತಿತು. ಗಾಳಿ ತುಂಬಿದ ರಬ್ಬರಿನ ಜಾರುಬಂಡಿಗಳು ಬಂದಿದ್ದವು, ಮಕ್ಕಳು ಅತ್ತ ಓಡುತ್ತಿದ್ದರು. ಒಂದು ಬೇಸಿಗೆ ಅವನು ಕುದುರೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಕಲ್ಲೋಳಿಗೆ ಬಂದ.

"ಅಕ್ಕಾ, ಹಳೇವು ಒಂದ ನಮೂನಿ, ಹೊಸಾವು ಒಂದ ನಮೂನಿ ಕಾಣ್ತಾವ. ಜೋಡಿ ಒಪ್ಪವಲ್ಲವು. ನಿನ್ನವಕ್ಕೂ ಹಳೇ ಕಳಾ ಬರೂಹಂಗ ಮಾಡಿಕೊಡು. ಮತ್ತ ಹೊಟ್ಟಿ ಕೆಳಗಿನ ತೆನಿ ಮುಚ್ಚಿಬಿಡು. ಅಪ್ಪನ ಕುದುರಿಗೆ ಗುರುತ ಇಲ್ಲ, ನಿನ್ನವಕ್ಕ ಯಾಕ?"

ಅಪ್ಪನ ಹೆಸರು ಬಂದ ಮೇಲೆ ಆಕೆ ಎದುರಾಡಲಿಲ್ಲ. ಬಣ್ಣವನ್ನು ಅಲ್ಲಲ್ಲಿ ತಿಕ್ಕಿ ತೆಳುಮಾಡಿದಳು. ಚಹಾದ ನೀರು ಒರೆಸಿದಳು. ಬೆನ್ನ ಮೇಲೆ ತಡಿ ಕೂರುವಲ್ಲಿ ಸವೆದಂತೆ ಉಜ್ಜಿದಳು. ಆಮೇಲೆ ಕುದುರೆಗಳನ್ನು ಮಗ್ಗುಲಾಗಿ ಮಲಗಿಸಿ, ಹುಣಸೆ ಬೀಜದ ಅಂಟಿನಿಂದ ತನ್ನ ತೆನೆಗಳನ್ನು ತಾನೇ ಮುಚ್ಚಿದಳು. ಸೋಮಲಿಂಗ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದ. "ಗುರುತ ಹತ್ತವಲ್ಲದು ನೋಡು, ಭೇಷ್" ಎಂದ.

ಮುಂದಿನ ಪಂಚಮಿಗೆ ತವರಿಗೆ ಹೋದಾಗ ಶೆಡ್ಡಿಗೆ ಹೊಸ ಕೀಲಿ ಬಿದ್ದಿತ್ತು. ಬಣ್ಣಕ್ಕೆಂದು ಕೊಲ್ಲಾಪುರಕ್ಕೆ ಕಳಿಸಿದ್ದೇನೆ ಎಂದ ತಮ್ಮ. ಬಣ್ಣ ಬಳಿಯುವಾಕೆ ತಾನೇ ಎದುರಿಗೆ ನಿಂತಿರುವಾಗ ಕೊಲ್ಲಾಪುರಕ್ಕೆ ಯಾಕೆ ಎಂಬ ಮಾತು ಆಕೆಯ ನಾಲಗೆಯ ತುದಿಗೆ ಬಂತು. ತಮ್ಮನ ಹೆಂಡತಿ ನಂದಾ ತಲೆ ಎತ್ತದೆ ಜೋಕಾಲಿಯ ಹಗ್ಗ ಬಿಗಿಯುತ್ತಿದ್ದಳು. ಹಬ್ಬದ ದಿನ ಬೇಡ ಎಂದು ಭರಮವ್ವ ಹಗ್ಗದ ಇನ್ನೊಂದು ತುದಿ ಹಿಡಿದಳು.

ಖರೆ ಸಂಗತಿ ಗೊತ್ತಾದದ್ದು ಮರುವರ್ಷ. ಒಂದು ಮುಂಜಾನೆ ಸೋಮಲಿಂಗನ ಫೋನು ಬಂತು.

"ಅಕ್ಕಾ, ಒಬ್ಬಾಕಿ ಬರಬಹುದು, ಆಮ್ರಪಾಲಿ ಅಂತ. ಕುದುರಿ ಬಗ್ಗೆ ಕೇಳ್ತಾಳ. ನಿನಗೇನೂ ಗೊತ್ತಿಲ್ಲ ಅನ್ನು. ಎಲ್ಲಾ ಅಪ್ಪನ ಕಾಲದ್ದು, ವಿಲಾಯ್ತಿದು ಅನ್ನು."

"ಕುದುರಿ ಎಲ್ಲದಾವೋ?"

"ಗೋವಾದಾಗ. ಒಂದು ದೊಡ್ಡ ಹೋಟೆಲ್ಲಿಗೆ ಕೊಟ್ಟೀನಿ. ನೀ ಬಾಯಿ ಬಿಟ್ಟಿ ಅಂದ್ರ ನನ್ನ ಕೈಗೆ ಬೇಡಿ ಬೀಳತಾವ. ನಿನ್ನ ಕಾಲ ಬೀಳತೀನಿ."

ಆಕೆ ಫೋನು ಹಿಡಿದು ಪಡಸಾಲೆಯಲ್ಲಿ ಕೂತೇಬಿಟ್ಟಳು. ಮಾಯಪ್ಪ ಕೇಳಿದ, ಆಕೆ ಹೇಳಿದಳು. ಅವನು, "ನಿನ್ನ ತಮ್ಮ, ನಿನ್ನ ಕುದುರಿ. ನಡುವ ನಾ ಏನ ಹೇಳಲಿ" ಎಂದು ಹೊಲಕ್ಕೆ ಹೋಗದೆ ಅಲ್ಲೇ ಕಟ್ಟೆಯ ಮೇಲೆ ಕೂತ.

ಆಮ್ರಪಾಲಿ ಅವತ್ತೇ ಬಂದಳು, ಕೊಲ್ಲಾಪುರದವಳು. ಹಳೆಯ ಕಟ್ಟಿಗೆ ಸಾಮಾನುಗಳನ್ನು ದುರಸ್ತಿ ಮಾಡುವುದು ಅವಳ ಕಸುಬು. ಸಮುದ್ರದ ತೇವಕ್ಕೆ ಕುದುರೆಗಳ ಸಂದು ಬಿಟ್ಟಿದ್ದವೆಂದು ಹೋಟೆಲಿನವರು ಅವಳನ್ನು ಕರೆಸಿದ್ದರು. ಒಂದು ಕುದುರೆಯ ಹೊಟ್ಟೆಯ ಕೆಳಗಿನ ತೇಪೆ ನೆನೆದು ಉದುರಿ ಒಳಗೆ ಜೋಳದ ತೆನೆ ಕಂಡಿತ್ತು. ತೇಪೆಯಲ್ಲಿ ಗೋಕಾಕದ ಗೊಂಬೆಯವರು ಬಳಸುವ ಹುಣಸೆ ಬೀಜದ ಅಂಟಿತ್ತು. ಅವಳು ನೇರ ಗೋಕಾಕದ ಓಣಿಗೆ ಬಂದು ಕೇಳಿದ್ದಳು. ಅಷ್ಟು ದೊಡ್ಡ ಕುದುರೆ ಕೆತ್ತುವವಳು ಕಲ್ಲೋಳಿಯಲ್ಲಿದ್ದಾಳೆಂದು ಅವರು ದಾರಿ ತೋರಿದ್ದರು.

ಭರಮವ್ವ ಅವಳಿಗೆ ಚಾಪೆ ಹಾಕಿದಳು, ಚಹಾ ಕೊಟ್ಟಳು. ಅವಳು ಕೇಳಿದಾಗ ಗೋಡೆ ನೋಡುತ್ತ, "ನನಗ ಗೊತ್ತಿಲ್ರಿ. ನಮ್ಮಪ್ಪನ ಕಾಲದ್ದು, ವಿಲಾಯ್ತಿದು" ಎಂದಳು. ಹೊಟ್ಟೆಯಲ್ಲಿ ಹುಟ್ಟಿದ ಕೂಸನ್ನು ಯಾರದೋ ಎಂದಂತಾಯಿತು. ಆದರೂ ಅಂದಳು, ತಮ್ಮನಲ್ಲವೇ.

ಆಮ್ರಪಾಲಿ ಒತ್ತಾಯಿಸಲಿಲ್ಲ. "ಸೋಮಲಿಂಗ ಅವರೂ ಅದನ್ನೇ ಹೇಳ್ಯಾರ್ರಿ. ಹೋಟೆಲಿನವರು ಬಂದವರಿಗೆ ಒಂದು ವಿಡಿಯೋ ತೋರಸ್ತಾರ" ಎಂದು ಫೋನು ತೆಗೆದು ಮುಂದೆ ಹಿಡಿದಳು.

ಹೊಸ ಅಂಗಿ ತೊಟ್ಟ ಸೋಮಲಿಂಗ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದ. ಒಂದು ಕಿವಿ ಹಿಂದೆ ತಿರುಗಿದ ಕುದುರೆ. ಅವನು ಹೇಳುತ್ತಿದ್ದ: "ಇದನ್ನ ಕೆತ್ತಿದಾವ ವಿಲಾಯ್ತಿಯ ದೊಡ್ಡ ಕಾರಾಗೀರ. ನಮ್ಮಪ್ಪ ಎಣ್ಣಿ ಬಿಡೂ ಆಳು, ಅಷ್ಟ. ನಮ್ಮ ಕಡೆ ಇಂಥಾ ಕೈ ಯಾರಿಗೈತ್ರಿ? ಯಾರಿಗೂ ಇಲ್ಲ."

ಭರಮವ್ವ ಇನ್ನೊಮ್ಮೆ ಹಚ್ಚಲು ಹೇಳಿದಳು. ಮತ್ತೆ ಅದೇ ಮಾತು, ಅದೇ ನಗು. ಯಾರೋ ಹೇಳಿಕೊಟ್ಟದ್ದಲ್ಲ, ತಡವರಿಸಿದ್ದೂ ಇಲ್ಲ.

"ಆ ಕಿವಿ ಹಿಂದಕ್ಕ ಯಾಕ ತಿರುಗೇತಿ ಗೊತ್ತೇನ್ರಿ ನಿಮಗ?" ಎಂದಳು ಕೊನೆಗೆ. "ಬೆನ್ನ ಮ್ಯಾಲಿನ ಮರಿ ಒದರತೈತಿ. ಅದು ಕರೆಪ್ಪನ ಕುದುರಿ. ನಾ ಮಾಡೀನಿ. ನನ್ನ ತೆನಿ ನಾನ ಮುಚ್ಚೀನಿ."

ಆಮೇಲೆ ಎಲ್ಲವನ್ನೂ ಹೇಳಿದಳು, ಗೆದ್ದಲು, ಟೊಳ್ಳು ಹೊಟ್ಟೆ, ಚಹಾದ ನೀರು. ಹೇಳಿ ಮುಗಿಸಿ ಮಾಯಪ್ಪನ ಕಡೆ ನೋಡಿದಳು. ಅವನು ಕಟ್ಟೆಯಿಂದ ಎದ್ದು, "ಗೋಕಾಕದ ಬಸ್ಸಿಗೆ ಹೋಗೂನು ನಡಿ. ಮಂದಿ ಹೇಳೂಕಿಂತ ಮೊದಲ ನೀನ ಹೇಳು" ಎಂದ.

ಅಂಗಡಿಯಲ್ಲಿ ಲೇಥ್ ತಿರುಗುತ್ತಿತ್ತು. ಅಕ್ಕನನ್ನು ಕಂಡು ಸೋಮಲಿಂಗ ಅದನ್ನು ನಿಲ್ಲಿಸಿದ. ಮುಖ ನೋಡಿಯೇ ಅವನಿಗೆ ತಿಳಿಯಿತು.

"ಹೇಳಿದಿ?"

"ಹೇಳಿದೆ."

"ಒಡಹುಟ್ಟಿದಾಕಿ ನೀ! ವೈರಿ ಸೈತ ಹಿಂಗ ಮಾಡೂದಿಲ್ಲ. ನಂಬಿದ್ದೆ ನಿನ್ನ."

"ನಾನೂ ನಂಬಿದ್ದೆ ಸೋಮು. ನನ್ನ ಕೈಲೇ ನನ್ನ ಗುರುತ ಅಳಿಸೀದಿ, ಎದುರಿಗೆ ಕುಂತು ಚಹಾ ಕುಡದಿ."

"ಕಲ್ಲೋಳಿ ಭರಮವ್ವ ಮಾಡ್ಯಾಳ ಅಂದ್ರ ಯಾವ ಹೋಟೆಲಿನಾವ ತಗೋತಿದ್ದ? ವಿಲಾಯ್ತಿ ಅಂದ್ರನ ತಗೋತಾರ. ಅದು ತಿರುಗಿ ತಿರುಗಿ ಅಲ್ಲೇ ನಿಂದರೂ ಸಾಮಾನು, ಎಷ್ಟ ದಿನ ಜಗ್ಗಲಿ ನಾ? ಮತ್ತ ಅದು ಅಪ್ಪನ ಆಸ್ತಿ. ನೀ ಕೊಟ್ಟ ಮನಿಯಾಕಿ. ಕೇಳಾಕ ನಿನಗೇನು ಹಕ್ಕೈತಿ?"

ವರ್ಷಗಟ್ಟಲೆ ಕಟ್ಟಿಗೆಯ ಧೂಳು ಕುಡಿದದ್ದು ಯಾವ ಮನೆಯವಳಾಗಿ ಎಂದು ಆಕೆ ಯೋಚಿಸಿದವಳೇ ಅಲ್ಲ. "ನಡುಗಂಬ ಎಲ್ಲೈತಿ? ಹಲ್ಲುಗಾಲಿ?" ಎಂದು ಕೇಳಿದಳು.

"ಹೋಟೆಲಿನವರಿಗೆ ಕುದುರಿ ಅಷ್ಟ ಬೇಕಾಗಿದ್ದವು, ನಿಂದರಸಾಕ. ಕಬ್ಬಿಣ ಮೋಡಕಾದಾವಗ ತೂಕಕ್ಕ ಹಾಕೀನಿ."

ಅಷ್ಟು ಹೇಳುವಾಗ ಮಾತ್ರ ಅವನು ನೆಲ ನೋಡಿದ. ಆ ಹಲ್ಲುಗಳ ಒಂದೊಂದು ಸಂದನ್ನೂ ಬಾಲ್ಯದಿಂದ ಬಲ್ಲವನು ಅವನು. ಅದನ್ನು ಒಡೆಸಿ ತೂಕಕ್ಕೆ ಹಾಕಿದವನಿಗೆ ಅಕ್ಕ ಯಾವ ಲೆಕ್ಕ ಎಂದು ಭರಮವ್ವನಿಗೆ ಆಗ ಹೊಳೆಯಿತು. ಅಂಗಡಿಯಿಂದ ಹೊರಗೆ ಬಂದಳು. ಬಸ್ಸಿನಲ್ಲಿ ಮಾಯಪ್ಪನ ಹೆಗಲಿಗೆ ತಲೆಯಿಟ್ಟು, ಮಂದಿ ಇದ್ದಾರೆಂಬ ಪರಿವೆ ಇಲ್ಲದೆ, ಅಪ್ಪ ಸತ್ತಾಗಲೂ ಅಳದಷ್ಟು ಅತ್ತಳು.

ಬೇಡಿ ಬೀಳಲಿಲ್ಲ. ಮೋಸ ಹೋದೆವೆಂದು ಊರಿಗೆಲ್ಲ ಸಾರಲು ಹೋಟೆಲಿನವರಿಗೂ ಮನಸ್ಸಿರಲಿಲ್ಲ. ಹಳೆಯ ಕುದುರೆಗಳನ್ನು ಇಟ್ಟುಕೊಂಡು, ಭರಮವ್ವನ ಕುದುರೆಗಳನ್ನು ತಿರುಗಿ ಕಳಿಸಿ, ಸೋಮಲಿಂಗನಿಂದ ತಮಗೆ ಬರಬೇಕಾದ್ದನ್ನು ವಸೂಲಿ ಮಾಡಿಕೊಂಡರು. ಒಂದು ಮಟಮಟ ಮಧ್ಯಾಹ್ನ ಟೆಂಪೋ ಕಲ್ಲೋಳಿಗೆ ಬಂತು. ಸೋಮಲಿಂಗ ಡ್ರೈವರನ ಬಾಜೂಕಿನಿಂದ ಇಳಿಯಲಿಲ್ಲ. ಹಮಾಲರು ಕುದುರೆಗಳನ್ನು ಅಂಗಳದಲ್ಲಿ ಒಂದರ ಮೇಲೊಂದು ಹಾಕಿದರು. ಹಿತ್ತಾಳೆ ಕೋಲುಗಳನ್ನು ಬೆನ್ನಿನ ಮಟ್ಟಕ್ಕೆ ಗರಗಸದಿಂದ ಕೊಯ್ದಿದ್ದರು. ಕಾಲು ಮುರಿದವೂ ಇದ್ದವು. "ತಗೋ, ನಿನ್ನ ಕುದುರಿ" ಎಂದು ಕಿಟಕಿಯಿಂದ ಒಂದು ಮಾತು ಬಂತು. ಟೆಂಪೋ ತಿರುಗಿತು.

ಆಕೆ ಒಂದೊಂದನ್ನೇ ಎತ್ತಿ ನಿಲ್ಲಿಸಿದಳು. ಮುರಿದ ಕಾಲು ಕೂಡಿಸಿದಳು. ದನದ ಕೊಟ್ಟಿಗೆಯ ಒಂದು ಮಗ್ಗುಲು ಈಗ ಅವುಗಳದೇ. ಚಕ್ರ ಮತ್ತೆ ಆಗಲಿಲ್ಲ. ಹುಕ್ಕೇರಿಯ ಒಬ್ಬ ಲೇಥಿನವನನ್ನು ಕೇಳಿ ನೋಡಿದಳು. ಅಂಥ ಬಾಗಿದ ಸಲಾಕೆ, ಅಂಥ ಹಲ್ಲು ಕೂಡಿಸಬಲ್ಲವನು ಈ ಭಾಗದಲ್ಲಿ ಒಬ್ಬನೇ ಇದ್ದಾನೆ, ಗೋಕಾಕದ ಸೋಮಲಿಂಗ, ಅವನನ್ನೇ ಕೇಳ್ರಿ ಎಂದ ಅವನು. ಆಕೆ ಆಗಲೆಂದು ಹೇಳಿ ಬಂದುಬಿಟ್ಟಳು. ಆಮ್ರಪಾಲಿ ಆಗಾಗ ಕೆಲಸ ಕಳಿಸುತ್ತಾಳೆ. ಹಳೆಯ ಕಂಬದ ಬೋದಿಗೆ, ತೊಟ್ಟಿಲ ಗಿಳಿ ಇಂಥವು. ಭರಮವ್ವ ಮಾಡಿಕೊಡುತ್ತಾಳೆ. ಹಳೆಯ ಕಳೆ ತರಲು ಹೇಳಿದರೆ ಮಾತ್ರ ಒಲ್ಲೆ ಎನ್ನುತ್ತಾಳೆ.

ಆ ವರ್ಷ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ಅದರ ಮರುವರ್ಷ ನಂದಾ ಒಬ್ಬಳೇ ಬಂದಳು, ಗಂಡನಿಗೆ ಹೇಳದೆ. ಚೀಲದಲ್ಲಿ ಉಂಡಿ, ಕೊಬ್ಬರಿ ಬಟ್ಟಲು, ಒಂದು ಕುಬಸದ ಖಣ.

"ಅಕ್ಕಾರ, ಅವರು ರಾತ್ರಿ ಹಗಲಿ ಅದ ಧ್ಯಾಸದಾಗ ಇರ್ತಾರ್ರಿ. ಬಾಯಿ ಬಿಡೂದಿಲ್ಲ. ನೀವ ಒಂದ ಮಾತ ಆಡಿಬಿಡ್ರಿ" ಎಂದು ಕೈ ಹಿಡಿದುಕೊಂಡಳು.

ಭರಮವ್ವ ಖಣ ಇಸಕೊಂಡು ಕಣ್ಣಿಗೆ ಒತ್ತಿಕೊಂಡಳು. ಅವಳಿಗೆ ಬಡಿಸಿದಳು, ತಾನೂ ಜೊತೆಗೆ ಉಂಡಳು. ಉಂಡೆದ್ದ ಮೇಲೆ ಹೇಳಿದಳು:

"ಮಾರಿದ್ದಕ್ಕ ನನಗ ಸಿಟ್ಟಿಲ್ಲ ನಂದಾ. ಕೇಳಿದ್ರ ನಾನ ಹೇರಿ ಕಳಸ್ತಿದ್ನಿ. ಅವ ನನ್ನ ಕೈ ಬಲ್ಲಾವ. ನಾ ಮೊದಲನೇ ಕುದುರಿ ಎಬ್ಬಿಸಿದಾಗ ಅದರ ಮಾರಿ ಸವರಿ ಅತ್ತಾವ. ಅಂಥಾವ ಎಲ್ಲಾರ ಮುಂದ ನಿಂತು, ಇಂಥಾ ಕೈ ಯಾರಿಗೂ ಇಲ್ಲ ಅಂದ. ಆ ಮಾತ ಅವನ ಬಂದು ತಿರುಗಿ ತಗೋಬೇಕು. ನಿನ್ನ ಬಾಯಿಲೆ ಅಲ್ಲ, ಫೋನಿನಾಗಲ್ಲ. ಈ ಅಂಗಳದಾಗ ನಿಂತು."

ನಂದಾ ತಲೆಯಾಡಿಸಿದಳು. ಭರಮವ್ವ ಅವಳ ಚೀಲಕ್ಕೆ ಹೊಲದ ಶೇಂಗಾ ತುಂಬಿ, ಬಸ್ ಸ್ಟ್ಯಾಂಡಿನ ತನಕ ಜೊತೆಗೆ ನಡೆದು, ಕಿಟಕಿಯ ಬಾಜೂಕಿನ ಜಾಗ ಹಿಡಿದು ಕೂರಿಸಿ ಬಂದಳು.

ಸೋಮಲಿಂಗ ಇನ್ನೂ ಬಂದಿಲ್ಲ. ಒಮ್ಮೆ ಗೋಕಾಕದ ಸಂತೆಯಲ್ಲಿ ಅಕ್ಕ ತಮ್ಮ ಎದುರಾದರಂತೆ. ಅವನು ಗಕ್ಕನೆ ನಿಂತ, ಆಕೆಯೂ ನಿಂತಳು. ಅವನ ಗಡ್ಡ ಬೆಳ್ಳಗಾಗಿತ್ತು. ಅವನೇನಾದರೂ ಅಂದಾನೆಂದು ಆಕೆ ಕಾದಳು. ನಡುವೆ ಉಳ್ಳಾಗಡ್ಡಿಯ ಗಾಡಿಯೊಂದು ಹಾದುಹೋಯಿತು. ಗಾಡಿ ದಾಟಿದ ಮೇಲೆ ನೋಡಿದರೆ ಅವನು ಇನ್ನೊಂದು ಓಣಿಗೆ ತಿರುಗಿದ್ದ. ಭರಮವ್ವ ಕಾಯಿಪಲ್ಲೆ ಕೊಂಡುಕೊಂಡು, ಕಲ್ಲೋಳಿಯ ಬಸ್ಸು ಹತ್ತಿದಳು.